ಬರೆದು ಅಳಿಸುವ ಸುಖ



ಇವತ್ತು ಚಿತ್ರ ಬರೆಯುವ ಬಗ್ಗೆ ಮಾತಾಡುತ್ತೇನೆ. ಹಾಗೆಂದ ಕೂಡಲೇ ನಿಮ್ಮಲ್ಲಿ ಹಲವರು, ಇದು ನಮಗೆ ಹೇಳಿದ್ದಲ್ಲ ಎಂದುಕೊಂಡಿರಬಹುದು. "ನನಗೆ ಒಂದು ಗೆರೆ ನೆಟ್ಟಗೆ ಎಳೆಯಲು ಬರುವುದಿಲ್ಲ" ಎನ್ನುವವರು ಮನೆಗೊಬ್ಬರು ಇದ್ದೇ ಇರುತ್ತಾರೆ. ದಯವಿಟ್ಟು ರೇಡಿಯೋ ನಿಲ್ಲಿಸಬೇಡಿ. ಈ ಮಾತು ಮುಖ್ಯವಾಗಿ ನಿಮಗೇ. ಒಂದು ಕಾಗದ, ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಾದರೂ ಸಾಕು. ಮಾತು ಅರ್ಧಕ್ಕೆ ಬರುವಾಗ ಅದು ಬೇಕಾಗುತ್ತದೆ.

ನಾನು ಹೇಳುವ ಕಲೆ ಬಹಳ ಸಣ್ಣದು. ದಿನಕ್ಕೆ ಹತ್ತು ನಿಮಿಷ, ಹೆಚ್ಚೆಂದರೆ ಕಾಲು ಗಂಟೆ. ಅದಕ್ಕೆ ಗುರುಗಳು ಬೇಡ, ದುಡ್ಡು ಬೇಡ. ಬರೆದದ್ದನ್ನು ಗೋಡೆಗೆ ತೂಗುಹಾಕಬೇಕಾಗಿಲ್ಲ. ಮಾರನೆಯ ದಿನ ಅದು ಅಳಿಸಿಹೋದರೂ ಅಡ್ಡಿಯಿಲ್ಲ. ಅಳಿಸಿಹೋಗುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದು ಯಾಕೆ ಒಳ್ಳೆಯದು ಎಂದು ಹೇಳುವುದಕ್ಕೇ ಈ ಮಾತು.

ಇಂಥ ಕಲೆ ನಮ್ಮ ಊರಾದ ನಾರಾವಿಯಲ್ಲಿ ಮೊದಲೇ ಇತ್ತು. ನಾರಾವಿಯನ್ನು ನೋಡದವರಿಗೆ ಮೊದಲು ಊರಿನ ಪರಿಚಯ ಮಾಡಿಕೊಡುತ್ತೇನೆ. ಬೆಳ್ತಂಗಡಿ ತಾಲೂಕಿನ ಬಡಗು ತುದಿಯಲ್ಲಿದೆ ನಾರಾವಿ. ಊರು ದಾಟಿದರೆ ಕಾರ್ಕಳ ತಾಲೂಕು. ಮೂಡು ದಿಕ್ಕಿಗೆ ಕುದುರೆಮುಖದ ಬೆಟ್ಟಸಾಲು. ಊರಿನಲ್ಲಿ ಸೂರ್ಯನಾರಾಯಣ ದೇವಸ್ಥಾನ ಇದೆ, ಬಸದಿ ಇದೆ, ಸಂತ ಅಂತೋನಿಯವರ ಇಗರ್ಜಿ ಇದೆ. ಸುತ್ತ ಅಡಿಕೆ ತೋಟ, ತೆಂಗು, ಗದ್ದೆ. ಹಲವು ಮನೆಗಳ ಜಗಲಿಯಲ್ಲಿ ಬೀಡಿ ಕಟ್ಟುವ ಸೂಪು, ಅಂದರೆ ಮೊರ. ಬೆಟ್ಟದ ಬುಡವಾದ್ದರಿಂದ ಮಳೆ ಜೋರು. ಜೂನ್ ತಿಂಗಳಲ್ಲಿ ಹಿಡಿದರೆ ನಾಲ್ಕು ತಿಂಗಳು ಮನೆಯೊಳಗಿನ ಹೊತ್ತೇ ಹೆಚ್ಚು. ಕರೆಂಟು ಹೋದ ಸಂಜೆಗಳ ಲೆಕ್ಕ ಯಾರೂ ಇಡುವುದಿಲ್ಲ.

ಇಂಥ ಊರಿನಲ್ಲಿ ದಿನನಿತ್ಯದ ಕಲೆ ಎಲ್ಲಿತ್ತು? ಬಾಗಿಲಲ್ಲಿತ್ತು. ಹೊಸ್ತಿಲ ಮೇಲೆ.

ಆಟಿ ಕಳೆದು ಸೋಣ ತಿಂಗಳು ಬರುತ್ತದೆ. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗಿನ ತಿಂಗಳು ಅದು. ಸಿಂಹ ಮಾಸ. ಕುಂದಾಪುರ, ಉಡುಪಿ ಕಡೆ ಆ ಒಂದು ತಿಂಗಳು ಹೊಸ್ತಿಲಿಗೆ ದಿನವೂ ಪೂಜೆ. ನಮ್ಮ ಕಡೆಯ ಕೆಲವು ಮನೆಗಳಲ್ಲೂ ಅದು ಉಳಿದಿದೆ. ಮನೆಯ ಹೆಂಗಸರು ಬೆಳಿಗ್ಗೆ ಹೊಸ್ತಿಲನ್ನು ತೊಳೆಯುತ್ತಾರೆ. ಶೇಡಿಯಲ್ಲಿ ಗೆರೆ ಬರೆಯುತ್ತಾರೆ. ಹೂ, ಗರಿಕೆ ಇಡುತ್ತಾರೆ. ಮಾರನೆಯ ಬೆಳಿಗ್ಗೆ ಎಲ್ಲವನ್ನೂ ತೆಗೆದು ತೊಳೆದು ಮತ್ತೆ ಬರೆಯುತ್ತಾರೆ. ಒಂದು ತಿಂಗಳು ಎಂದರೆ ಸುಮಾರು ಮೂವತ್ತು ಸಲ. ಮೂವತ್ತು ಚಿತ್ರ, ಮೂವತ್ತನ್ನೂ ಅಳಿಸಿದ್ದು.

ಶೇಡಿ ಎಂದರೆ ಬಿಳಿ ಜೇಡಿಮಣ್ಣು. ಹಬ್ಬ ಹತ್ತಿರ ಬಂದಾಗ ಅಂಗಡಿಗಳಲ್ಲಿ ಉಂಡೆ ಕಟ್ಟಿ ಮಾರುತ್ತಾರೆ. ಒಂದು ಉಂಡೆಯನ್ನು ಗೆರಟೆಯಲ್ಲಿ ನೀರು ಹಾಕಿ ನೆನೆಯಲು ಬಿಡಬೇಕು. ಬೆಳಿಗ್ಗೆ ಅದು ಮಜ್ಜಿಗೆಯಷ್ಟು ತೆಳ್ಳಗಾಗಿರುತ್ತದೆ. ಹಳೆಯ ಹತ್ತಿ ಬಟ್ಟೆಯ ಒಂದು ಚೂರನ್ನು ಅದರಲ್ಲಿ ಅದ್ದಿ ಅಂಗೈಯಲ್ಲಿ ಹಿಡಿಯಬೇಕು. ಮೆಲ್ಲಗೆ ಹಿಂಡಿದರೆ ಶೇಡಿ ಬೆರಳಿನ ಗುಂಟ ಇಳಿಯುತ್ತದೆ. ಬೆರಳ ತುದಿಯೇ ಕುಂಚ. ಒಂದು ಬೆರಳಿನಲ್ಲಿ ಎಳೆದರೆ ಒಂದು ಗೆರೆ. ಮೂರು ಬೆರಳು ಜೋಡಿಸಿ ಎಳೆದರೆ ಮೂರು ಗೆರೆ ಒಟ್ಟೊಟ್ಟಿಗೆ, ಒಂದಕ್ಕೊಂದು ತಾಗದೆ ಹೋಗುತ್ತವೆ.

ಇಲ್ಲೊಂದು ಸ್ವಾರಸ್ಯ ಇದೆ. ಅದನ್ನು ರೇಡಿಯೋದಲ್ಲಿ ತೋರಿಸಲಾರೆ, ಹೇಳುತ್ತೇನೆ. ಶೇಡಿಯ ಗೆರೆ ಹಸಿಯಾಗಿರುವಾಗ ಸರಿಯಾಗಿ ಕಾಣುವುದೇ ಇಲ್ಲ. ಮಾಸಲು, ನೀರು ಚೆಲ್ಲಿದ ಹಾಗೆ. ಮೊದಲ ಸಲ ಬರೆಯುವ ಮಗು "ಏನೂ ಬರ್ಲಿಲ್ಲ ಅಜ್ಜೀ" ಎಂದು ಕೈ ಬಿಡುತ್ತದೆ. ಅಜ್ಜಿ ಹೇಳುತ್ತಾಳೆ, "ಸ್ವಲ್ಪ ಹೊತ್ತು ತಡಿ ಮಗಾ." ಐದು ನಿಮಿಷ ಕಳೆಯುತ್ತದೆ. ನೀರು ಆರುತ್ತಾ ಬಂದ ಹಾಗೆ, ಒಂದು ತುದಿಯಿಂದ ಗೆರೆ ಬೆಳ್ಳಗಾಗುತ್ತಾ ಬರುತ್ತದೆ. ಬೆರಳು ಎಲ್ಲಿ ನಡುಗಿತ್ತು, ಎಲ್ಲಿ ಧೈರ್ಯವಾಗಿ ಹೋಗಿತ್ತು ಎನ್ನುವುದು ಆಗ ಗೊತ್ತಾಗುತ್ತದೆ. ಆ ಐದು ನಿಮಿಷ ಮಗು ಹೊಸ್ತಿಲ ಬಳಿ ಕುಳಿತು ಕಾಯುತ್ತದೆ. ಈಗಿನ ಮಕ್ಕಳು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳುವುದಿಲ್ಲ ಎಂದು ದೂರುವ ತಂದೆ ತಾಯಂದಿರು ಇದನ್ನು ಒಮ್ಮೆ ಮಾಡಿ ನೋಡಬೇಕು.

ದೀಪಾವಳಿಯಲ್ಲೂ ಶೇಡಿ ಬೇಕು. ನೀರು ತುಂಬುವ ಸಂಜೆ ಬಚ್ಚಲ ಹಂಡೆಯನ್ನು ತೊಳೆದು, ಅದರ ಕುತ್ತಿಗೆಯ ಸುತ್ತ ಶೇಡಿಯ ಗೆರೆ ಎಳೆದು, ಬಳ್ಳಿ ಕಟ್ಟುತ್ತಾರೆ. ವರ್ಷವಿಡೀ ಹೊಗೆ ಕುಡಿದ ಹಂಡೆ ಅದು. ಕಪ್ಪು ಮೈ, ಬಿಳಿ ಗೆರೆ. ಮರುದಿನದ ಎಣ್ಣೆಸ್ನಾನದ ಬಿಸಿನೀರಿನ ಗದ್ದಲದಲ್ಲಿ ಅರ್ಧ ಗೆರೆ ಹೋಗಿಯೇ ಹೋಗುತ್ತದೆ. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ನಮ್ಮ ಮನೆಗಳಲ್ಲಿ ದಿನವೂ ಬರೆಯುವ ಕಲೆ ಮೊದಲೇ ಇತ್ತು. ಅದು ಹೊಸ್ತಿಲಲ್ಲಿತ್ತು, ಹಂಡೆಯ ಮೇಲಿತ್ತು. ಬರೆದದ್ದು ಮಾರನೆಯ ದಿನ ಹೋಗುತ್ತಿತ್ತು. ಈಗ, ಹೀಗೆ ಹೋಗುವುದು ಯಾಕೆ ಒಳ್ಳೆಯದು ಎಂಬ ಪ್ರಶ್ನೆಗೆ ಬರೋಣ.

ನಮ್ಮ ಜಿಲ್ಲೆಯ ಅತಿ ದೊಡ್ಡ ಚಿತ್ರ ಯಾವುದು? ನನ್ನನ್ನು ಕೇಳಿದರೆ ನಾಗಮಂಡಲ ಎನ್ನುತ್ತೇನೆ. ನೆಲದ ಮೇಲೆ ಹುಡಿಯಲ್ಲಿ ಬರೆಯುವ ಮಂಡಲ ಅದು. ಹೆಣೆದುಕೊಂಡ ಹಾವಿನ ಸುರುಳಿಗಳು, ಗಂಟಿನ ಮೇಲೆ ಗಂಟು. ಬಣ್ಣ ಐದು. ಬಿಳಿಗೆ ಬಿಳಿಮಣ್ಣಿನ ಹುಡಿ. ಹಳದಿಗೆ ಅರಸಿನ. ಕೆಂಪಿಗೆ ಅರಸಿನಕ್ಕೆ ಸುಣ್ಣ ಸೇರಿಸಿದ್ದು. ಹಸಿರಿಗೆ ಒಣಗಿದ ಎಲೆಯ ಹುಡಿ. ಕಪ್ಪಿಗೆ ಹುರಿದು ಹುಡಿ ಮಾಡಿದ ಭತ್ತದ ಉಮಿ. ಗಂಟೆಗಟ್ಟಲೆ ಕುಳಿತು ಬರೆಯುತ್ತಾರೆ. ರಾತ್ರಿಯಿಡೀ ಅದರ ಸುತ್ತ ನಾಗಪಾತ್ರಿಯ ಮತ್ತು ವೈದ್ಯರೆಂದು ಕರೆಯುವ ಕಲಾವಿದರ ನರ್ತನ. ಸೇವೆ ಮುಗಿದ ಮೇಲೆ ಮಂಡಲ ಉಳಿಯುವುದಿಲ್ಲ. ಅಷ್ಟು ದೊಡ್ಡ ಕೆಲಸವನ್ನೇ ನಮ್ಮ ಹಿರಿಯರು ಒಂದು ರಾತ್ರಿಗೆ ಎಂದು ಮಾಡಿದರು.

ಇನ್ನೊಂದು ಉದಾಹರಣೆ ನಮ್ಮ ತಾಲೂಕಿನದ್ದೇ. ಉಜಿರೆಯ ಹತ್ತಿರ ನಡ ಗ್ರಾಮದಲ್ಲಿ ಸುರ್ಯ ಎಂಬ ಸ್ಥಳ. ಅಲ್ಲಿ ಸದಾಶಿವ ರುದ್ರ ದೇವಸ್ಥಾನ. ಅಲ್ಲಿನ ಹರಕೆ ಮಣ್ಣಿನದ್ದು. ಮನೆ ಕಟ್ಟಬೇಕು ಎಂದುಕೊಂಡವರು ಮಣ್ಣಿನ ಪುಟ್ಟ ಮನೆ ಒಪ್ಪಿಸುತ್ತಾರೆ. ಮಕ್ಕಳಾಗಬೇಕು ಎಂದವರು ತೊಟ್ಟಿಲು, ಮಗು. ಕೈಕಾಲು ನೋವಿದ್ದವರು ಮಣ್ಣಿನ ಕೈ, ಮಣ್ಣಿನ ಕಾಲು. ದನ, ವಾಹನ, ಏನು ಬೇಕೋ ಅದು. ಹರಕೆ ಬನದಲ್ಲಿ ಈ ಸಾವಿರಾರು ಗೊಂಬೆಗಳು ಮರದ ಬುಡದಲ್ಲಿ ರಾಶಿಯಾಗಿವೆ. ಮಳೆ ಬೀಳುತ್ತದೆ. ಗೊಂಬೆ ಮೆಲ್ಲಗೆ ಮಣ್ಣಿಗೆ ಸೇರುತ್ತದೆ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ. ಸಣ್ಣ ಮಣ್ಣಿನ ಮುದ್ದೆಯಲ್ಲಿ ಒಂದು ಮನೆಯನ್ನು ಎಷ್ಟು ಕಡಿಮೆ ಗೆರೆಯಲ್ಲಿ ಕಾಣಿಸಿದ್ದಾರೆ ಎಂದು ಅವರಿಗೆ ತೋರಿಸಿ.

ಹೀಗೆ ಅಳಿಯುವುದು ಯಾಕೆ ಒಳ್ಳೆಯದು ಎಂದರೆ, ಉಳಿಸಬೇಕು ಎಂದು ಹೊರಟ ಕೂಡಲೇ ಕೈ ಬಿಗಿಯಾಗುತ್ತದೆ. ಚೆನ್ನಾಗಿ ಬರಬೇಕು, ನಾಲ್ಕು ಜನ ನೋಡಬೇಕು, ತಪ್ಪಾದರೆ ಕಾಗದ ಹಾಳು. ನಾಳೆ ಹೇಗೂ ಅಳಿಸುತ್ತೇವೆ ಎಂದಾದರೆ ಹೆದರುವುದಕ್ಕೆ ಏನಿದೆ? ತಪ್ಪಾದರೆ ಆಗಲಿ, ನಾಳೆ ಇನ್ನೊಂದು. ಈ ನಿರಾಳ ಒಂದು ಸಲ ಕೈಗೆ ಸಿಕ್ಕಿದರೆ ಮತ್ತೆ ಬಿಡುವುದಿಲ್ಲ.

ಮನಸ್ಸಿಗೆ ಹಾಯೆನಿಸುತ್ತದೆ ಎನ್ನುವುದು ಬರೀ ಅನುಭವದ ಮಾತೋ, ಪರೀಕ್ಷೆಗೂ ನಿಲ್ಲುತ್ತದೋ ಎಂದು ಕೆಲವರು ಕೇಳಬಹುದು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು 40 ಮಂದಿ ವಯಸ್ಕರು. ಅವರ ಮುಂದೆ ಬಣ್ಣದ ಪೆನ್ನು, ಕಾಗದ, ಮಣ್ಣು ಇಟ್ಟು, ಮುಕ್ಕಾಲು ಗಂಟೆ ಇಷ್ಟ ಬಂದದ್ದು ಮಾಡಿ ಎಂದರು. ಮೊದಲು ಮತ್ತು ಆಮೇಲೆ ಅವರ ಜೊಲ್ಲನ್ನು ಪರೀಕ್ಷೆ ಮಾಡಿದರು. ನಾವು ಒತ್ತಡದಲ್ಲಿರುವಾಗ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಬಂದವರಲ್ಲಿ ಮುಕ್ಕಾಲು ಪಾಲು ಮಂದಿಗೆ ಅದು ಇಳಿದಿತ್ತು. ಮೊದಲೇ ಚಿತ್ರ ಬರೆದು ಅಭ್ಯಾಸ ಇದ್ದವರಿಗೂ ಇಲ್ಲದವರಿಗೂ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಚಿಕ್ಕ ಅಧ್ಯಯನ, ಎಲ್ಲರಿಗೂ ಇಳಿಯಲೂ ಇಲ್ಲ. ಆದರೂ "ನನಗೆ ಗೆರೆ ಬರುವುದಿಲ್ಲ" ಎನ್ನುವವರು ಅಭ್ಯಾಸದ ಬಗೆಗಿನ ಆ ಮಾತನ್ನು ನೆನಪಿಟ್ಟುಕೊಳ್ಳಲಿ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಿದ್ದೆ ಬಾರದಷ್ಟು, ಊಟ ಸೇರದಷ್ಟು ದುಃಖ ಇದ್ದವರಿಗೆ ಇದು ಔಷಧಿಯಲ್ಲ. ಅವರು ವೈದ್ಯರಲ್ಲಿಗೆ ಹೋಗಬೇಕು. ನಾನು ಹೇಳುತ್ತಿರುವುದು ದಿನದ ದಣಿವಿನ ಬಗ್ಗೆ.

ಸರಿ. ದಿನವೂ ಬರೆಯುವುದು, ಹೆದರದೆ ಅಳಿಸುವುದು, ಅದರಿಂದ ಮನಸ್ಸು ಹಗುರಾಗುವುದು, ಇಷ್ಟು ಆಯಿತು. ಇನ್ನು ಕೈಗೆ ಕೆಲಸ. ಆ ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಮಕ್ಕಳು ಹತ್ತಿರ ಇದ್ದರೆ ಕರೆಯಿರಿ.

ಕಾಗದದ ನಡುವೆ ಅಡ್ಡ ಸಾಲಿನಲ್ಲಿ ಮೂರು ಚುಕ್ಕಿ ಇಡಿ. ಚುಕ್ಕಿಯಿಂದ ಚುಕ್ಕಿಗೆ ಎರಡು ಬೆರಳಿನಷ್ಟು ದೂರ. ಆಯಿತೇ? ಈಗ ಆ ಸಾಲಿನ ಮೇಲೆ ಎರಡು ಚುಕ್ಕಿ. ಕೆಳಗಿನ ಚುಕ್ಕಿಗಳ ನೇರಕ್ಕೆ ಬೇಡ, ಎರಡು ಚುಕ್ಕಿಗಳ ನಡುವಿನ ಎಡೆಗೆ ಬರಲಿ. ಹಾಗೆಯೇ ಸಾಲಿನ ಕೆಳಗೂ ಎರಡು. ಒಟ್ಟು ಏಳು ಚುಕ್ಕಿ. ನಡುವೆ ಒಂದು, ಅದರ ಸುತ್ತ ಆರು. ಈಗ ನಡುವಿನ ಚುಕ್ಕಿಯಿಂದ ಹೊರಗಿನ ಒಂದು ಚುಕ್ಕಿಗೆ ಸ್ವಲ್ಪ ಬಾಗಿದ ಗೆರೆ ಎಳೆಯಿರಿ. ಅದೇ ಚುಕ್ಕಿಯಿಂದ ಮತ್ತೆ ನಡುವಿಗೆ, ಈ ಸಲ ಆಚೆ ಬದಿಗೆ ಬಾಗಿದ ಗೆರೆ. ಒಂದು ಎಸಳು ಆಯಿತು. ಇದೇ ರೀತಿ ಉಳಿದ ಐದು ಚುಕ್ಕಿಗೂ. ಈಗ ನಿಮ್ಮ ಕೈಯಲ್ಲಿ ಆರೆಸಳಿನ ಹೂ ಇದೆ.

ಅದನ್ನು ಹಾಗೇ ಬಿಡಿ. ಪಕ್ಕದಲ್ಲಿ ಮತ್ತೆ ಏಳು ಚುಕ್ಕಿ ಇಡಿ. ಈ ಸಲ ನಡುವಿನ ಚುಕ್ಕಿಯನ್ನು ಮುಟ್ಟಬೇಡಿ. ಹೊರಗಿನ ಆರರಲ್ಲಿ ಒಂದನ್ನು ಬಿಟ್ಟು ಒಂದನ್ನು ನೇರ ಗೆರೆಯಿಂದ ಸೇರಿಸಿ. ಒಂದು ತ್ರಿಕೋನ ಬಂತು. ಬಿಟ್ಟ ಮೂರನ್ನೂ ಹಾಗೆಯೇ ಸೇರಿಸಿ. ಒಂದರ ಮೇಲೊಂದು ಎರಡು ತ್ರಿಕೋನ. ನಕ್ಷತ್ರ! ಚುಕ್ಕಿ ಅವೇ, ಚಿತ್ರ ಬೇರೆ. ಮಕ್ಕಳಿಗೆ ಇದು ಒಮ್ಮೆ ಹೊಳೆದರೆ ಸಾಕು, ಆಮೇಲೆ ಅವರೇ ನಿಮಗೆ ಹೇಳಿಕೊಡುತ್ತಾರೆ.

ಚುಕ್ಕಿ ಇಟ್ಟು ಗೆರೆ ಎಳೆಯುವುದನ್ನು ಹೆಂಗಸರ ಬೆಳಗಿನ ಕೆಲಸ ಎಂದು ಹಗುರವಾಗಿ ನೋಡುವವರಿಗೆ ಒಂದು ಮಾತು. 1970ರ ದಶಕದಲ್ಲಿ ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಜೊತೆಗಾರರು ತಮಿಳುನಾಡಿನ ಕೋಲಂ ರಂಗೋಲಿಗಳ ನಿಯಮಗಳನ್ನು ಗಣಿತದಲ್ಲಿ ಬರೆದಿಟ್ಟರು. ಗಣಕಯಂತ್ರದ ಭಾಷೆಗೆ ವ್ಯಾಕರಣ ಇರುವಂತೆ ಕೋಲಂಗೂ ಇದೆ ಎಂದು ತೋರಿಸಿದರು. ಅಕ್ಷರ ಕಲಿಯದ ಅಜ್ಜಿಯಂದಿರ ಬೆರಳಿನಲ್ಲಿ ಇದ್ದ ವಿದ್ಯೆ ಅದು.

ಇನ್ನು ಈ ಏಳು ಚುಕ್ಕಿಯನ್ನು ಮನೆಮಂದಿಯ ಆಟ ಮಾಡುವುದು ಹೇಗೆ? ಬಹಳ ಸುಲಭ. ಒಬ್ಬರು ಚುಕ್ಕಿ ಇಡುವುದು. ಇನ್ನೊಬ್ಬರು ಮೊದಲ ಗೆರೆ. ಮತ್ತೊಬ್ಬರು ಎರಡನೆಯದು. ನಿಯಮ ಒಂದೇ. ಹಿಂದಿನವರು ಎಳೆದ ಗೆರೆಯನ್ನು ಅಳಿಸುವ ಹಾಗಿಲ್ಲ, ಅದನ್ನೇ ಮುಂದುವರಿಸಬೇಕು. ನಾಲ್ಕು ವರ್ಷದ ಮಗು ಎಳೆದ ಸೊಟ್ಟ ಗೆರೆಗೆ ಅಜ್ಜ ಒಂದು ಬಾಲ ಸೇರಿಸುತ್ತಾರೆ, ಅದು ನವಿಲಾಗುತ್ತದೆ. ಅಮ್ಮ ಕೊಕ್ಕು ಬರೆಯುತ್ತಾಳೆ. ಯಾರ ಚಿತ್ರ ಎಂದು ಕೇಳಿದರೆ ಎಲ್ಲರದ್ದೂ. ದುಬೈಯಲ್ಲೋ ಬಹ್ರೇನಿನಲ್ಲೋ ಇರುವ ಮಕ್ಕಳು, ಪುಳ್ಳಿಗಳು ವಾಟ್ಸಾಪ್ ಕರೆಯಲ್ಲಿ "ಊಟ ಆಯ್ತಾ" ಎಂದು ಕೇಳಿದ ಮೇಲೆ ಮಾತು ಮುಗಿದುಹೋಗುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅಲ್ಲೊಂದು ಕಾಗದ, ಇಲ್ಲೊಂದು ಕಾಗದ ಇಟ್ಟುಕೊಂಡು ಅಜ್ಜಿ ಹೇಳಿದ ಹಾಗೆ ಪುಳ್ಳಿ ಬರೆಯಲಿ, ಪುಳ್ಳಿ ಹೇಳಿದ ಹಾಗೆ ಅಜ್ಜಿ ಬರೆಯಲಿ. ಅರ್ಧ ಗಂಟೆ ಹೋದದ್ದು ಗೊತ್ತಾಗುವುದಿಲ್ಲ.

ಚುಕ್ಕಿ ಆಯಿತು, ಗೆರೆ ಆಯಿತು, ಕೂಡಿ ಬರೆಯುವ ಆಟ ಆಯಿತು. ಇನ್ನು ಬಣ್ಣ. ಬಣ್ಣಕ್ಕೆ ಪೇಟೆಗೆ ಹೋಗಬೇಕಾಗಿಲ್ಲ. ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಮನೆಗೆ ಒಂದು ಸುತ್ತು ಬನ್ನಿ.

ಬಸಳೆ ಚಪ್ಪರದಲ್ಲಿ ಕಪ್ಪಾಗಿ ಹಣ್ಣಾದ ಕಾಯಿಗಳಿರುತ್ತವೆ. ಹಿಂಡಿದರೆ ಕಡು ನೇರಳೆ ಶಾಯಿ. ಸಾಗುವಾನಿಯ ಚಿಗುರೆಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ಕೆಂಪು. ಇದು ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತಿರುವ ಆಟ. ಮುರಕಲ್ಲಿನ ಹುಡಿಯನ್ನು ನೀರಿನಲ್ಲಿ ಕಲಸಿದರೆ ಕಾವಿಯ ಬಣ್ಣ. ಗೆರಟೆ ಸುಟ್ಟ ಮಸಿ ಕಪ್ಪಿಗೆ. ಅರಸಿನ ಹಳದಿಗೆ. ಆ ಅರಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕಣ್ಣೆದುರೇ ಕೆಂಪಾಗುತ್ತದೆ. ಬೇಲಿಯ ಶಂಖಪುಷ್ಪವನ್ನು ಬಿಸಿನೀರಿನಲ್ಲಿ ಹಾಕಿದರೆ ನೀಲಿ. ಆ ನೀಲಿಗೆ ಲಿಂಬೆರಸ ಹಿಂಡಿದರೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮಕ್ಕಳು ಕೂಗಿ ಕುಣಿಯುತ್ತಾರೆ. ಅವರಿಗೆ ಹುಳಿ, ಕ್ಷಾರ ಎಂಬ ವಿಜ್ಞಾನದ ಪಾಠ ಶಾಲೆಯಲ್ಲಿ ಬರುವ ಮೊದಲೇ ಅಂಗಳದಲ್ಲಿ ಬಂದಿರುತ್ತದೆ. ಬಣ್ಣ ಇಡುವುದಕ್ಕೆ ಗೆರಟೆ, ಕಲಸುವುದಕ್ಕೆ ಅಡಿಕೆ ಹಾಳೆಯ ತುಂಡು. ಕುಂಚಕ್ಕೆ ತೆಂಗಿನ ಗರಿಯ ಕಡ್ಡಿಯ ತುದಿಗೆ ಸುತ್ತಿದ ಹತ್ತಿ.

ಎರಡು ಎಚ್ಚರಿಕೆ. ಸುಣ್ಣವನ್ನು ಸಣ್ಣ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ದರೆ ಅಪಾಯ. ದೊಡ್ಡವರೇ ಹಾಕಿ. ಇನ್ನು ಅರದಾಳ. ಭೂತದ ವೇಷದ ಮುಖವರ್ಣಿಕೆಯಲ್ಲಿ ಬಳಸುತ್ತಾ ಬಂದ ಹಳದಿ ಅದು. ಅದರಲ್ಲಿ ಆರ್ಸೆನಿಕ್ ಇದೆ. ವಿಷ. ಹಳದಿ ಚೆನ್ನಾಗಿ ಬರುತ್ತದೆ ಎಂದು ಮಕ್ಕಳ ಆಟಕ್ಕೆ ಅದನ್ನು ತರಲೇಬಾರದು. ಅರಸಿನ ಧಾರಾಳ ಸಾಕು.

ಈ ಬಣ್ಣಗಳು ಹೆಚ್ಚು ದಿನ ನಿಲ್ಲುವುದಿಲ್ಲ. ಬಸಳೆಯ ನೇರಳೆ ಬೇಗ ಮಾಸುತ್ತದೆ. ಮಾಸಲಿ ಬಿಡಿ. ನಾವು ಹೊರಟದ್ದೇ ಅಳಿಯುವ ಚಿತ್ರಕ್ಕೆ.

ನೆಲ ಟೈಲ್ಸಿನದ್ದು, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದೇವೆ, ಶೇಡಿ ಬರೆಯುವುದೆಲ್ಲಿ ಎಂದು ಕೇಳುತ್ತೀರಿ. ಕಪ್ಪು ಸ್ಲೇಟು ತನ್ನಿ. ಶೇಡಿ ಅದರ ಮೇಲೆ ಚೆನ್ನಾಗಿ ಕೂರುತ್ತದೆ. ಇಲ್ಲವೇ ಸ್ಟೀಲ್ ಹರಿವಾಣದಲ್ಲಿ ಬೆಳ್ತಿಗೆ ಅಕ್ಕಿಯನ್ನು ಒಂದು ಪದರ ಹರಡಿ ಬೆರಳಿನಲ್ಲಿ ಬರೆಯಿರಿ. ಅಲುಗಿಸಿದರೆ ಅಳಿಯಿತು. ಆಮೇಲೆ ಆ ಅಕ್ಕಿ ತೊಳೆದು ಅನ್ನ ಮಾಡಬಹುದು. ದಾಸವಾಳ, ಗೋರಟೆ, ಅಬ್ಬಲಿಗೆ, ಬಿದ್ದ ಹೂಗಳ ಎಸಳು ಜೋಡಿಸಿದರೂ ಚಿತ್ರವೇ.

ಇಷ್ಟರವರೆಗೆ ಮನೆಯೊಳಗೆ, ಅಂಗಳದೊಳಗೆ ಇದ್ದೆವು. ಒಂದು ಭಾನುವಾರ ಮೂಡುಬಿದಿರೆಗೆ ಹೋಗಿ ಬನ್ನಿ. ಅದು ನಮಗೆ ದೂರವಲ್ಲ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ಎಲ್ಲರೂ ನೋಡುತ್ತಾರೆ. ನೋಡುವಾಗ ಪ್ರತಿಯೊಬ್ಬರೂ ಒಂದೊಂದು ಕಂಬ ಆರಿಸಿಕೊಳ್ಳಿ. ಅದರ ಮೇಲಿನ ಒಂದೇ ಒಂದು ಹೂವನ್ನೋ ಬಳ್ಳಿಯನ್ನೋ ಮನಸ್ಸಿನಲ್ಲಿಟ್ಟುಕೊಂಡು ಬಂದು ಮನೆಯಲ್ಲಿ ಬರೆಯಿರಿ. ಫೋಟೋ ತೆಗೆಯಬೇಡಿ. ಫೋಟೋ ತೆಗೆದ ಕೂಡಲೇ ಕಣ್ಣು ನೋಡುವುದನ್ನು ನಿಲ್ಲಿಸುತ್ತದೆ.

ಅದೇ ಊರಿನಲ್ಲಿ ಚೌಟರ ಅರಮನೆ ಇದೆ. ಉಳ್ಳಾಲದ ರಾಣಿ ಅಬ್ಬಕ್ಕನ ವಂಶದವರು ಚೌಟರು. ಅಲ್ಲಿನ ಮರದ ಕೆತ್ತನೆಗಳಲ್ಲಿ ಎರಡು ಚಿತ್ರ ಮನೆಮಂದಿಯ ಆಟಕ್ಕೆಂದೇ ಮಾಡಿಟ್ಟ ಹಾಗಿವೆ. ಒಂದು ನವನಾರಿ ಕುಂಜರ. ದೂರದಿಂದ ನೋಡಿದರೆ ಆನೆ. ಹತ್ತಿರ ಬಂದರೆ ಒಂಬತ್ತು ಮಂದಿ ಹೆಂಗಸರು. ಒಬ್ಬರ ಮೇಲೊಬ್ಬರು ಬಾಗಿ, ಬಳುಕಿ, ಒಟ್ಟಾಗಿ ಆನೆಯಾಗಿದ್ದಾರೆ. ಇನ್ನೊಂದು ಪಂಚನಾರಿ ತುರಗ. ಐವರು ಹೆಂಗಸರು ಸೇರಿ ಒಂದು ಕುದುರೆ. ಅರಮನೆಯಲ್ಲಿ ಈಗಲೂ ಆ ಮನೆತನದವರು ವಾಸವಿದ್ದಾರೆ, ಹಾಗಾಗಿ ಕೇಳಿಕೊಂಡು ಒಳಗೆ ಹೋಗಬೇಕು. ನೋಡಿ ಬಂದ ಮೇಲೆ ನಿಮ್ಮ ಮನೆಯವರೆಲ್ಲರನ್ನು ಸೇರಿಸಿ ಒಂದು ಪ್ರಾಣಿ ಬರೆಯಿರಿ. ಅಪ್ಪ ಬೆನ್ನು, ಅಮ್ಮ ಸೊಂಡಿಲು, ತಂಗಿ ಬಾಲ. ನಮ್ಮ ನೆರೆಮನೆಯ ಮಕ್ಕಳು ಹೀಗೆ ಬರೆದ ಆನೆಯಲ್ಲಿ ಅಜ್ಜನಿಗೆ ಕಿವಿಯ ಜಾಗ ಕೊಟ್ಟಿದ್ದರು. ಆ ಅಜ್ಜನಿಗೆ ಕಿವಿ ಸ್ವಲ್ಪ ಮಂದ. ಅಜ್ಜನೂ ಸೇರಿ ಎಲ್ಲರೂ ಅಷ್ಟು ನಕ್ಕದ್ದನ್ನು ಆ ಮನೆಯಲ್ಲಿ ನಾನು ಬೇರೆ ದಿನ ಕಂಡಿಲ್ಲ.

ಹಬ್ಬದ ಕೆಲಸಗಳನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ದೀಪಾವಳಿಗೆ ಬಿದಿರಿನ ಕಡ್ಡಿ ಕಟ್ಟಿ, ಬಣ್ಣದ ಕಾಗದ ಅಂಟಿಸಿ ಗೂಡುದೀಪ. ಅದೇ ಕಡ್ಡಿ, ಅದೇ ಕಾಗದ, ಅದೇ ಮೈದಾ ಅಂಟಿನಲ್ಲಿ ಡಿಸೆಂಬರಿನಲ್ಲಿ ಕ್ರೈಸ್ತರ ಮನೆಗಳಲ್ಲಿ ನಕ್ಷತ್ರ, ಜೊತೆಗೆ ಗೋದಲಿ. ಪೆರ್ನಾಲಿಗೆ, ಅಂದರೆ ಈದ್ ಹಬ್ಬಕ್ಕೆ, ಬ್ಯಾರಿ ಮುಸ್ಲಿಮರ ಮನೆಯಲ್ಲಿ ಹೆಣ್ಣುಮಕ್ಕಳ ಅಂಗೈಗೆ ಮೈಲಾಂಜಿ, ಅಂದರೆ ಮದರಂಗಿ. ಈಚೆಗೆ ಇವೆಲ್ಲ ಅಂಗಡಿಯಲ್ಲಿ ಸಿದ್ಧ ಸಿಗುತ್ತವೆ. ತಂದವರನ್ನು ನಾನು ದೂರುವುದಿಲ್ಲ. ಆದರೆ ಗೂಡುದೀಪದ ನಿಜವಾದ ಹಬ್ಬ ಅದನ್ನು ಕಟ್ಟುವ ರಾತ್ರಿ. ಕಡ್ಡಿ ಮುರಿಯುವುದು, ಅಂಟು ಕೈಗೆ ಮೆತ್ತುವುದು, ಒಂದು ಬದಿ ಉದ್ದವಾಗಿ ದೀಪ ವಾಲುವುದು, ಅದನ್ನು ನೋಡಿ ಅಣ್ಣ ತಂಗಿಗೆ ಜಗಳ. ಅಂಗಡಿಯ ದೀಪದ ಜೊತೆ ಇದು ಬರುವುದಿಲ್ಲ.

ಇಲ್ಲಿಗೆ ಬರೆಯುವುದು, ಬಣ್ಣ, ಆಟ, ತಿರುಗಾಟ ಎಲ್ಲ ಆಯಿತು. ಕೊನೆಯದಾಗಿ, ಈ ಸುಖವನ್ನು ನಾವೇ ಹೇಗೆ ಹಾಳುಮಾಡುತ್ತೇವೆ ಎಂಬುದನ್ನು ಹೇಳಬೇಕು. ಮನಸ್ಸಿಗೆ ನೋವಾಗುವ ವಿಷಯ ಇದು.

ಮಗು ಎರಡು ಗೆರೆ ಚೆನ್ನಾಗಿ ಎಳೆದ ಕೂಡಲೇ ನಾವು ಅದನ್ನು ಸ್ಪರ್ಧೆಗೆ ಕಳಿಸುತ್ತೇವೆ. ರಂಗೋಲಿ ಸ್ಪರ್ಧೆ, ಚಿತ್ರಕಲಾ ಸ್ಪರ್ಧೆ, ಗೂಡುದೀಪ ಸ್ಪರ್ಧೆ. ದೊಡ್ಡವರಿಗೆ ಸ್ಪರ್ಧೆ ಇರಲಿ, ಅದರಿಂದ ಹಲವು ಕಲೆಗಳು ಉಳಿದಿವೆ. ಆರೇಳು ವರ್ಷದ ಮಗುವಿಗೆ ಬೇಡ. ಬಹುಮಾನ ಬಾರದ ಮಗು ಮನೆಗೆ ಬಂದು ಬಣ್ಣದ ಪೆಟ್ಟಿಗೆಯನ್ನು ಕಪಾಟಿನೊಳಗೆ ಇಡುತ್ತದೆ. ಎಷ್ಟೋ ಮಕ್ಕಳು ಅದನ್ನು ಮತ್ತೆ ತೆಗೆಯುವುದೇ ಇಲ್ಲ. "ನನಗೆ ಗೆರೆ ಬರುವುದಿಲ್ಲ" ಎನ್ನುವ ಇವತ್ತಿನ ಅಪ್ಪಂದಿರನ್ನು ಕೇಳಿ ನೋಡಿ. ಬಾಲ್ಯದಲ್ಲಿ ಯಾರೋ ಒಬ್ಬರು ಅವರ ಚಿತ್ರವನ್ನು ನೋಡಿ, ಇದೇನು ಆನೆಯೋ ಹಂದಿಯೋ ಎಂದಿರುತ್ತಾರೆ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ನಾಟಕ, ಚಿತ್ರಗಳನ್ನು ಮಕ್ಕಳ ಕಲಿಕೆಯ ಒಳಗೇ ತಂದರು. ಇದು ಸ್ವಾತಂತ್ರ್ಯಕ್ಕೂ ಮೊದಲಿನ ಮಾತು. ಅಂಥ ಜಿಲ್ಲೆಯವರಾದ ನಾವು ಇಂದು ಮಗುವಿನ ಚಿತ್ರಕ್ಕೆ ಅಂಕ ಕೊಡುತ್ತೇವೆ.

ಎರಡನೆಯದು ಮೊಬೈಲು. ಬರೆದ ಕೂಡಲೇ ಫೋಟೋ, ಫೋಟೋದ ಕೂಡಲೇ ಸ್ಟೇಟಸ್. ಆಮೇಲೆ ಎಷ್ಟು ಜನ ನೋಡಿದರು ಎಂಬ ಲೆಕ್ಕ. ಶೇಡಿ ಆರುವ ಮೊದಲೇ ಮನಸ್ಸು ಹೊಸ್ತಿಲು ಬಿಟ್ಟು ಹೋಗಿರುತ್ತದೆ. ಹಬ್ಬದ ದಿನ ತೆಗೆಯಿರಿ. ಉಳಿದ ದಿನಗಳ ಚಿತ್ರ ನಿಮ್ಮ ಮನೆಯವರಿಗೆ ಮಾತ್ರ ಇರಲಿ.

ಮೂರನೆಯದು, ಹೊತ್ತಿಲ್ಲ ಎನ್ನುವುದು. ದಿನವಿಡೀ ಬೀಡಿ ಕಟ್ಟಿ, ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು, ಅಡುಗೆಗೆ ಕೂರುವ ತಾಯಿಗೆ ಚಿತ್ರ ಬರೆ ಎಂದರೆ ಅದು ಇನ್ನೊಂದು ಕೆಲಸ ಆಗಬಾರದು. ಅದಕ್ಕಾಗಿಯೇ ಹೇಳುತ್ತೇನೆ, ಈ ಕಲೆಯನ್ನು ಹೆಂಗಸರ ತಲೆಗೆ ಕಟ್ಟಬೇಡಿ. ಹೊಸ್ತಿಲು ಎಲ್ಲರದ್ದು. ಗಂಡಸರು, ಗಂಡುಮಕ್ಕಳು ಶೇಡಿಗೆ ಕೈ ಹಾಕಲಿ. ಅಡುಗೆ ಬೇಯುವ ಹೊತ್ತಿಗೆ ಅಪ್ಪ ಮಕ್ಕಳು ಬರೆದು ಮುಗಿಸಿರಲಿ. ಬೀಡಿ ಎಲೆ ಕತ್ತರಿಸಿ, ಸುರುಳಿ ಸುತ್ತಿ ಪಳಗಿದ ಅಮ್ಮನ ಬೆರಳುಗಳು ಕೊನೆಯ ಒಂದು ಎಸಳು ಬರೆದರೆ ಸಾಕು. ಆ ಎಸಳು ಎಲ್ಲಕ್ಕಿಂತ ಚೆನ್ನಾಗಿರುತ್ತದೆ ಎನ್ನುವುದು ಬೇರೆ ಮಾತು.

ಕೇಳುಗರೇ, ನನ್ನ ಬೇಡಿಕೆ ಚಿಕ್ಕದು. ಇವತ್ತು ರಾತ್ರಿ ಮಲಗುವ ಮೊದಲು ಒಂದು ಶೇಡಿ ಉಂಡೆ ನೆನೆಹಾಕಿ. ಶೇಡಿ ಸಿಗದಿದ್ದರೆ ಎರಡು ಚಮಚ ಅಕ್ಕಿಹಿಟ್ಟು ಕಲಸಿಡಿ. ಬೆಳಿಗ್ಗೆ ಮನೆಯ ಅತಿ ಚಿಕ್ಕ ಮಗುವಿನ ಕೈಯಲ್ಲಿ ಮೊದಲ ಚುಕ್ಕಿ ಇಡಿಸಿ. ಮಕ್ಕಳಿಲ್ಲದ ಮನೆಯಾದರೆ ನೀವೇ ಇಡಿ. ಒಂದು ವಾರ ಬಿಡದೆ ಮಾಡಿ ನೋಡಿ. ಚೆನ್ನಾಗಿ ಬಂತೇ ಎಂದು ಯಾರನ್ನೂ ಕೇಳಬೇಡಿ.